ಪರದೇಶದ ದುಡಿಮೆ: ಹೊರಡುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಕಡೆಯ ಹಿರಿಯರಿಗೆ ಒಂದು ಕಾಲದಲ್ಲಿ ಪರದೇಶವೆಂದರೆ ಬೆಂಗಳೂರೇ ಆಗಿತ್ತು. ಮಳೆ ಕೈಕೊಟ್ಟ ವರ್ಷ ಬಟ್ಟೆಯ ಗಂಟು ಕಟ್ಟಿಕೊಂಡು ರೈಲು ಹತ್ತಿದವನು ಯುಗಾದಿಗೆ ಊರಿಗೆ ತಿರುಗಿ ಬಂದರೆ ಮನೆಯವರಿಗೆ ಅದೇ ದೊಡ್ಡ ಸಮಾಧಾನ. ಇಂದು ಕಾಲ ಬದಲಾಗಿದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆ ಕುಡುಮಲಕುಂಟೆಗೇ ಬಂದು, ಹೊಲವಿದ್ದಲ್ಲಿ ಕಾರ್ಖಾನೆಗಳು ಎದ್ದಿವೆ. ಕೊಳವೆ ಬಾವಿಗಳು ಸಾವಿರ ಅಡಿಗೂ ಕೆಳಗೆ ಇಳಿದಿವೆ. ಓದಿದ ಮಕ್ಕಳು ಈಗ ಯಾವ ಊರಿಗೆ ಹೋಗೋಣವೆಂದು ಕೇಳುವುದಿಲ್ಲ. ಯಾವ ದೇಶಕ್ಕೆ ಹೋಗೋಣವೆಂದು ಕೇಳುತ್ತಾರೆ. ದುಬೈ, ಕತಾರ್, ಜರ್ಮನಿ, ಕೆನಡಾ ಮುಂತಾದ ಹೆಸರುಗಳು ಇಂದು ಹೋಟೆಲಿನ ಬೆಂಚಿನ ಮೇಲೆ ದಿನವೂ ಕೇಳಿಬರುವ ಮಾತುಗಳಾಗಿವೆ.

ಈ ವಿಷಯದಲ್ಲಿ ಸಮಾಜದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಹೊರದೇಶಕ್ಕೆ ಹೋಗುವವನು ಹೆತ್ತವರನ್ನೂ ಹುಟ್ಟಿದ ಮಣ್ಣನ್ನೂ ಮರೆತ ಸ್ವಾರ್ಥಿ ಎಂಬುದು ಒಂದು. ಹೋದವನೇ ಗೆದ್ದವನು, ಊರಿನಲ್ಲಿ ಉಳಿದವನು ಕೈಲಾಗದವನು ಎಂಬುದು ಇನ್ನೊಂದು. ಮೊದಲನೆಯದನ್ನು ವೇದಿಕೆಯ ಮೇಲೆ ಆಡುತ್ತಾರೆ; ಎರಡನೆಯದನ್ನು ಮದುವೆಯ ಮಾತುಕತೆಯಲ್ಲಿ ಆಡುತ್ತಾರೆ. ಎರಡಕ್ಕೂ ವಿಚಾರದ ಆಧಾರವಿಲ್ಲ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಲ್ಲಿರುವ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 129 ಶತಕೋಟಿ ಡಾಲರು. ಇಷ್ಟು ದೊಡ್ಡ ದುಡಿಮೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಆ ಮೊತ್ತದ ಹಿಂದೆ ಮೋಸಹೋದವರು, ಸಾಲದಲ್ಲಿ ಮುಳುಗಿದವರು, ತಿರುಗಿ ಬರಲಾಗದೆ ನೊಂದವರು ಇದ್ದಾರೆಂಬುದನ್ನು ಮರೆಯುವುದೂ ಅಷ್ಟೇ ಅನ್ಯಾಯ. ಹೋಗಬೇಕೋ ಬೇಡವೋ ಎಂಬುದು ಆಯಾ ಮನೆಯವರು ತೀರ್ಮಾನಿಸತಕ್ಕ ಸಂಗತಿ. ತಿಳಿದು ಹೋಗಬೇಕೆಂಬುದು ಮಾತ್ರ ಎಲ್ಲರಿಗೂ ಅನ್ವಯಿಸುವ ಮಾತು.

ತಿಳಿದು ಹೋದವರಿಗೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ಓದಿಗಾಗಿ ಕಾಲ್ನಡಿಗೆಯಲ್ಲಿಯೇ ಬೆಂಗಳೂರು ಸೇರಿದವರು. ಮುಂದೆ ಅಮೆರಿಕಾದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಮೇಲೆಯೂ ವಿದ್ಯಾರ್ಥಿನಿಲಯದ ಕೊಠಡಿಯ ಸರಳ ಜೀವನವನ್ನು ಬಿಡಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಂತಹ ಹಿಂದುಳಿದ ಪ್ರದೇಶದ ಮಕ್ಕಳಿಗೆ ನ್ಯಾಷನಲ್ ಕಾಲೇಜುಗಳು ದೊರೆತುದು ಅವರಂಥವರ ಶ್ರಮದಿಂದ. ಹೋದವರೆಲ್ಲರೂ ಅವರಂತೆ ಹಿಂತಿರುಗಬೇಕೆಂದು ವಾದಿಸಲು ಅವರ ಹೆಸರನ್ನು ಬಳಸುವುದು ರೂಢಿಯಾಗಿದೆ. ಅವರ ಜೀವನದಿಂದ ಕಲಿಯತಕ್ಕದ್ದು ಬೇರೆಯೇ ಇದೆ. ಯಾವ ವಿದ್ಯೆಗಾಗಿ, ಯಾವ ಸಂಸ್ಥೆಗೆ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಹೊರಡುವ ಮುನ್ನವೇ ಅವರಲ್ಲಿ ಉತ್ತರವಿತ್ತು. ಆ ಉತ್ತರವಿದ್ದವನಿಗೆ ಹಿಂತಿರುಗುವುದೂ ಅಲ್ಲಿಯೇ ನಿಲ್ಲುವುದೂ ತನ್ನ ಆಯ್ಕೆಯಾಗಿರುತ್ತದೆ. ಅದಿಲ್ಲದವನ ಪರವಾಗಿ ಏಜೆಂಟನೋ ಸಾಲಗಾರನೋ ತೀರ್ಮಾನಿಸುತ್ತಾನೆ.

ಮೊದಲ ಪ್ರಶ್ನೆ ಕಲಿಕೆಯದು. ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೆ ಈಗ ಬೆಲೆಯಿಲ್ಲವೆಂದು ಹೇಳುವವರುಂಟು. ಹೊರದೇಶದ ದುಡಿಮೆಯ ಮಟ್ಟಿಗೆ ಈ ಮಾತು ಪೂರ್ಣವಾಗಿ ತಪ್ಪು. ಭಾರತ ಸರ್ಕಾರ ಕೊಡುವ ಪಾಸ್‌ಪೋರ್ಟಿನಲ್ಲಿ ಎರಡು ಬಗೆಯಿದೆ. ಸಾಮಾನ್ಯವಾಗಿ ಹತ್ತನೆಯ ತರಗತಿಯಲ್ಲಿ ಉತ್ತೀರ್ಣನಾಗದವನ ಪಾಸ್‌ಪೋರ್ಟಿಗೆ 'ವಲಸೆ ತಪಾಸಣೆ ಅಗತ್ಯ' ಎಂಬ ಅರ್ಥದ ಇ.ಸಿ.ಆರ್. ಗುರುತು ಬೀಳುತ್ತದೆ. ಅಂಥವನು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹರೈನ್, ಸಂಯುಕ್ತ ಅರಬ್ ಸಂಸ್ಥಾನ, ಮಲೇಷ್ಯಾ ಮೊದಲಾದ ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಈ ವರ್ಗದ ಮಹಿಳೆಗೆ 30 ವರ್ಷ ತುಂಬದೆ ಆ ದೇಶಗಳಲ್ಲಿ ಕೆಲಸಕ್ಕೆ ಅನುಮತಿಯೇ ಇಲ್ಲ. ಈ ನಿಯಮ ಅಡ್ಡಿಗಾಗಿ ಹುಟ್ಟಿದ್ದಲ್ಲ, ಓದು ಕಡಿಮೆಯಿರುವವರ ರಕ್ಷಣೆಗಾಗಿ ಹುಟ್ಟಿದ್ದು. ಇದನ್ನು ತಪ್ಪಿಸಿಕೊಳ್ಳುವ ಆತುರದಲ್ಲಿಯೇ ಅನೇಕರು ಪ್ರವಾಸಿ ವೀಸಾದ ಮೇಲೆ ವಿಮಾನ ಹತ್ತಿ ಕಾನೂನಿನ ನೆರಳಿನಿಂದ ಹೊರಗೆ ಬೀಳುತ್ತಾರೆ. ಹೀಗಿರುವಾಗ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಡಿಸಿ ಮಗನನ್ನು ದುಡಿಮೆಗೆ ಹಚ್ಚುವ ತಂದೆ, ನಾಳೆ ಅವನಿಗೆ ದೊರೆಯಬಹುದಾದ ಸ್ವಾತಂತ್ರ್ಯವೊಂದನ್ನು ಇಂದೇ ಮಾರಿಬಿಡುತ್ತಾನೆ. ಶಾಲೆಯವರು ಪೋಷಕರಿಗೆ ಒತ್ತಿ ಹೇಳತಕ್ಕ ಮಾತು ಇದು.

ಹತ್ತನೆಯ ತರಗತಿಯ ಮೇಲೆ ಕಸುಬು ಬೇಕು. ಬೆಸುಗೆ, ವಿದ್ಯುತ್ ಜೋಡಣೆ, ಯಂತ್ರ ದುರಸ್ತಿ, ಶುಶ್ರೂಷೆ ಇವುಗಳಲ್ಲಿ ಪರೀಕ್ಷೆ ಮುಗಿಸಿ, ಎರಡು ಮೂರು ವರ್ಷ ಸ್ವದೇಶದಲ್ಲಿಯೇ ಕೆಲಸ ಮಾಡಿ ಅನುಭವಪತ್ರ ಪಡೆದವನಿಗೂ, ಯಾವ ಕೆಲಸವಾದರೂ ಸರಿಯೆಂದು ಹೊರಟವನಿಗೂ ಸಂಬಳದಲ್ಲಿ ಮಾತ್ರವಲ್ಲ, ಮರ್ಯಾದೆಯಲ್ಲಿಯೂ ಅಂತರವಿದೆ. ಕುಡುಮಲಕುಂಟೆಯ ಸುತ್ತಿನ ಕಾರ್ಖಾನೆಗಳನ್ನು ಈ ದೃಷ್ಟಿಯಿಂದ ನೋಡುವವರು ಕಡಿಮೆ. ಅಲ್ಲಿನ ಎರಡು ವರ್ಷದ ದುಡಿಮೆ, ದಾಖಲೆ ಸರಿಯಾಗಿದ್ದರೆ, ಮುಂದಿನ ಮೆಟ್ಟಲಾಗಬಲ್ಲದು. ಭವಿಷ್ಯನಿಧಿಯ ಖಾತೆ, ಸಂಬಳದ ಚೀಟಿ, ಸೇವಾಪತ್ರ ಇವುಗಳನ್ನು ಕಾಪಾಡಿಕೊಳ್ಳಬೇಕು. ಬಿಡುವಾಗ ಕ್ರಮಪ್ರಕಾರ ಬಿಡಬೇಕು.

ಭಾಷೆಯ ವಿಷಯ ಇದರಷ್ಟೇ ಮುಖ್ಯ. ಗಡಿಯ ಈ ಸೀಮೆಯ ಮಕ್ಕಳು ಹಿಂದೂಪುರದ ಸಂತೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದವರು. ಎರಡು ನುಡಿಗಳ ನಡುವೆ ಬೆಳೆದವರಿಗೆ ಮೂರನೆಯದು ನಾಲ್ಕನೆಯದು ಅಸಾಧ್ಯವಲ್ಲ. ಆದರೂ ಭಾಷೆ ಕಲಿಯದೆ ಹೊರಟು, ಕರಾರಿನಲ್ಲಿ ಏನಿದೆಯೆಂದು ತಿಳಿಯದೆ ಸಹಿ ಹಾಕುವವರು ಬಹಳ. 2024ರ ಅಕ್ಟೋಬರಿನಲ್ಲಿ ಜರ್ಮನಿಯ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಇದನ್ನು ಕೇಳಿ ಜರ್ಮನಿ ಕರೆಯುತ್ತಿದೆಯೆಂದು ಸಂತೋಷಪಟ್ಟವರು, ಆ ದೇಶದಲ್ಲಿ ದಾದಿಯಾಗಿ ನಿಲ್ಲಲು ಬಿ-2 ಮಟ್ಟದ ಜರ್ಮನ್ ಭಾಷೆಯೂ ಪದವಿಗೆ ಅಲ್ಲಿನ ಮಾನ್ಯತೆಯೂ ಬೇಕೆಂಬುದನ್ನು ವಿಚಾರಿಸಲಿಲ್ಲ. ಆ ಮಟ್ಟಕ್ಕೆ ಒಂದು ವರ್ಷಕ್ಕೂ ಮೀರಿದ ನಿಷ್ಠೆಯ ಓದು ಬೇಕು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಈ ಪಾಠಗಳೂ ಪರೀಕ್ಷೆಗಳೂ ನಡೆಯುತ್ತವೆ. ಇಂಗ್ಲಿಷಿನ ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಫಲ ಎರಡು ವರ್ಷಕ್ಕಷ್ಟೇ ಮಾನ್ಯ. ಆದುದರಿಂದ ಅದನ್ನು ತೀರ ಮುಂಚೆ ಬರೆಯುವುದೂ ವ್ಯರ್ಥ.

ಇನ್ನು ಕಾಗದಪತ್ರಗಳು. ಈ ಪ್ರಾಂತದವರ ಹೆಸರಿನ ಮುಂದೆ ಎರಡು ಮೂರು ಮೊದಲಕ್ಷರಗಳಿರುವುದು ವಾಡಿಕೆ. ಕೆ. ಎಂದರೆ ಕುಡುಮಲಕುಂಟೆ, ಎಂ. ಎಂದರೆ ತಂದೆಯ ಹೆಸರು. ಅಂಕಪಟ್ಟಿಯಲ್ಲಿ ಅಕ್ಷರ ಮುಂದೆ, ಆಧಾರ್ ಚೀಟಿಯಲ್ಲಿ ಹಿಂದೆ, ಪಡಿತರ ಚೀಟಿಯಲ್ಲಿ ಇಲ್ಲವೇ ಇಲ್ಲ, ಜನನಪತ್ರದಲ್ಲಿ ಬೇರೆಯೇ ಕಾಗುಣಿತ. ಊರಿನಲ್ಲಿ ಇದರಿಂದ ಯಾವ ಕೆಲಸವೂ ನಿಲ್ಲುವುದಿಲ್ಲ. ಹೊರದೇಶದ ಅಧಿಕಾರಿಗೆ ಮಾತ್ರ ಇವರು ನಾಲ್ವರು ಬೇರೆ ಬೇರೆ ಮನುಷ್ಯರು. 2022ರ ನವೆಂಬರಿನಿಂದ ಸಂಯುಕ್ತ ಅರಬ್ ಸಂಸ್ಥಾನವು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮವಿಲ್ಲದ ಭೇಟಿಯ ವೀಸಾದವರನ್ನು ಒಳಬಿಡುವುದಿಲ್ಲವೆಂದು ತಿಳಿಸಿದಾಗ ದಕ್ಷಿಣ ಭಾರತದ ಅನೇಕರಿಗೆ ಇದು ಮೊದಲ ಬಾರಿ ಮನವರಿಕೆಯಾಯಿತು. ಆದಕಾರಣ ಮೊದಲಕ್ಷರಗಳನ್ನು ಬಿಡಿಸಿ ಬರೆಯಿಸುವುದು, ಎಲ್ಲ ದಾಖಲೆಗಳಲ್ಲಿ ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳುವುದು ಶಾಲೆಗೆ ಸೇರಿಸುವ ದಿನವೇ ಆಗಬೇಕಾದ ಕೆಲಸ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಅಲೆದಾಟದ ಕೆಲಸ. ಪಾಸ್‌ಪೋರ್ಟ್ ವಯಸ್ಕರಿಗೆ ಹತ್ತು ವರ್ಷ ಮಾನ್ಯವಾಗಿದ್ದರೂ, ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಪದವಿ ಪತ್ರಗಳಿಗೆ ರಾಜ್ಯ ಸರ್ಕಾರದ, ವಿದೇಶಾಂಗ ಸಚಿವಾಲಯದ ಮುದ್ರೆಗಳು ಬೇಕಾಗುತ್ತವೆ. ಕೆಲವು ದೇಶಗಳಿಗೆ ಅವುಗಳ ರಾಯಭಾರಿ ಕಚೇರಿಯ ಮುದ್ರೆಯೂ ಬೇಕು. ಇವಕ್ಕೆ ಹಿಡಿಯುವ ಕಾಲವನ್ನು ಲೆಕ್ಕಕ್ಕೆ ಹಿಡಿಯದವನೇ ದಲ್ಲಾಳಿಯ ಬಾಗಿಲಿಗೆ ಹೋಗುತ್ತಾನೆ.

ದಲ್ಲಾಳಿಯ ಬಾಗಿಲು ಇಡೀ ಪಯಣದಲ್ಲಿ ಅತ್ಯಂತ ಅಪಾಯದ ಸ್ಥಳ. 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನ ಪರವಾನಗಿಯ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅವನು ಕೆಲಸಗಾರನಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕೂ ರಸೀತಿ ಕೊಡಬೇಕು. ಹೀಗಿದ್ದೂ ಎರಡು ಮೂರು ಲಕ್ಷ ರೂಪಾಯಿಗಳನ್ನು ರಸೀತಿಯಿಲ್ಲದೆ, ಪರಿಚಯದವನ ಪರಿಚಯದವನೆಂಬ ನಂಬಿಕೆಯ ಮೇಲೆ ಎಣಿಸಿಕೊಡುವುದು ಹಳ್ಳಿಗಳಲ್ಲಿ ನಡೆದೇ ಇದೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ರೈತನು ಮಗನನ್ನು ಕಳುಹಿಸುವಾಗ ಪರವಾನಗಿಯನ್ನು ಕೇಳಲು ಸಂಕೋಚಪಡುವುದು ವಿಚಿತ್ರ.

ಈ ಸಂಕೋಚದ ಬೆಲೆ ಏನೆಂಬುದನ್ನು ಈಚಿನ ವರ್ಷಗಳ ಘಟನೆಗಳು ತೋರಿಸಿವೆ. 2023ರ ಕೊನೆಯಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನಿನ ಯುದ್ಧಭೂಮಿಯ ಬಳಿ ಸಿಕ್ಕಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಊರು ಸೇರಿದರು. ಥಾಯ್ಲೆಂಡಿನಲ್ಲಿ ಗಣಕಯಂತ್ರದ ಕೆಲಸವೆಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನ ಕೂಟಗಳಲ್ಲಿ ಕೂಡಿಹಾಕಿ, ಅನ್ಯರನ್ನು ವಂಚಿಸುವ ಕೆಲಸಕ್ಕೆ ಬಲವಂತವಾಗಿ ಹಚ್ಚಲ್ಪಟ್ಟ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿಯಲ್ಲಿ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಕರೆತಂದಿತು. ಇವರಲ್ಲಿ ಪದವೀಧರರೂ ಇದ್ದರು. ಓದು ಒಂದೇ ರಕ್ಷಣೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಎದ್ದಾಗ, ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದವರು ಅನ್ನ ನೀರಿಲ್ಲದೆ ಸಿಕ್ಕಿಬಿದ್ದರು. 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ 3,800ಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತರಲಾಯಿತು. ಹೋಗುವ ದೇಶದ ಸ್ಥಿತಿಯೇನು, ಭಾರತದ ರಾಯಭಾರಿ ಕಚೇರಿ ಎಲ್ಲಿದೆ, ಅಲ್ಲಿ ತನ್ನ ಹೆಸರು ದಾಖಲಾಗಿದೆಯೇ ಎಂಬುದನ್ನು ಮೊದಲ ವಾರದಲ್ಲಿಯೇ ನೋಡಿಕೊಳ್ಳಬೇಕು.

ಖರ್ಚಿನ ಲೆಕ್ಕವನ್ನು ಮನೆಯವರೆಲ್ಲ ಕುಳಿತು ಕಾಗದದ ಮೇಲೆ ಬರೆಯಬೇಕು. ಉದಾಹರಣೆಗಾಗಿ ಒಬ್ಬನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಮೂರು ಲಕ್ಷ ಸಾಲ ಮಾಡಿ, ಎರಡು ವರ್ಷದ ಕರಾರಿನ ಮೇಲೆ ಹೋದನೆಂದು ಇಟ್ಟುಕೊಳ್ಳೋಣ. ಅಲ್ಲಿಯ ಊಟ ತಿಂಡಿ ಕಳೆದು ತಿಂಗಳಿಗೆ 25,000 ರೂಪಾಯಿ ಉಳಿಸುತ್ತಾನೆ. ಮೊದಲ ತಿಂಗಳ ಬಡ್ಡಿಯೇ 6,000. ಉಳಿಸಿದ್ದನ್ನೆಲ್ಲ ಸಾಲಕ್ಕೇ ಕಟ್ಟಿ, ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತ ಬಂದರೂ, ಸಾಲ ತೀರಲು ಸುಮಾರು ಹದಿನಾಲ್ಕು ತಿಂಗಳು ಬೇಕು. ಉಳಿದ ಹತ್ತು ತಿಂಗಳ ಎರಡೂವರೆ ಲಕ್ಷವೇ ಎರಡು ವರ್ಷದ ಅಗಲಿಕೆಯ ಫಲ. ಅದೇ ಮನುಷ್ಯನು ನಿಯಮದ ಶುಲ್ಕವನ್ನಷ್ಟೇ ಕೊಟ್ಟು, ಎಲ್ಲ ಖರ್ಚೂ ಸೇರಿ ಒಂದು ಲಕ್ಷದಲ್ಲಿ ಮುಗಿಸಿದ್ದರೆ, ಸಾಲ ನಾಲ್ಕು ತಿಂಗಳ ಮೇಲೆ ಕೆಲವೇ ದಿನಗಳಲ್ಲಿ ತೀರಿ, ನಾಲ್ಕೂಮುಕ್ಕಾಲು ಲಕ್ಷಕ್ಕೂ ಮಿಕ್ಕಿ ಅವನ ಕೈಯಲ್ಲಿ ನಿಲ್ಲುತ್ತಿತ್ತು. ದಲ್ಲಾಳಿಗೆ ಹೆಚ್ಚಾಗಿ ಕೊಟ್ಟ ಎರಡು ಲಕ್ಷ ಅವನ ದುಡಿಮೆಯ ಒಂಬತ್ತು ಹತ್ತು ತಿಂಗಳನ್ನು ನುಂಗಿತೆಂದು ಇದರ ಅರ್ಥ.

ಜಮೀನಿನ ಮಾತು ಇನ್ನೂ ಗಂಭೀರ. ಕೈಗಾರಿಕೆಗೆ ಹೋದ ಭೂಮಿಯ ಪರಿಹಾರದ ಹಣವನ್ನೋ, ಉಳಿದಿರುವ ಎಕರೆಯನ್ನು ಒತ್ತೆಯಿಟ್ಟು ತಂದ ಹಣವನ್ನೋ ಈ ಕಾರ್ಯಕ್ಕೆ ಹಾಕುವುದು ಯಾವ ದೃಷ್ಟಿಯಿಂದಲೂ ಸಾಧುವಲ್ಲ. ಅನಿವಾಸಿಯಾದವನು ತಾನು ಮೊದಲೇ ಹೊಂದಿದ್ದ ಅಥವಾ ಪಿತ್ರಾರ್ಜಿತವಾಗಿ ಬಂದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು. ಆದರೆ ಹೊಸದಾಗಿ ಕೃಷಿಭೂಮಿಯನ್ನು ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಅವನಿಗೆ ಅವಕಾಶ ಕೊಡುವುದಿಲ್ಲ. ಹೋಗುವಾಗ ಮಾರಿದ ಹೊಲವನ್ನು ದುಡಿದು ತಿರುಗಿ ಕೊಳ್ಳುತ್ತೇನೆಂಬ ಮಾತು, ಅವನು ಅನಿವಾಸಿಯಾಗಿರುವವರೆಗೆ ನಡೆಯದು. ಊರಿಗೆ ಬಂದು ನೆಲೆಸುವ ಹೊತ್ತಿಗೆ ಆ ಹೊಲದ ಬೆಲೆ ಅವನ ಉಳಿತಾಯವನ್ನು ದಾಟಿ ಹೋಗಿರುತ್ತದೆ. ವಿದೇಶದ ಪೌರತ್ವ ಪಡೆಯುವ ಯೋಚನೆಯಿದ್ದವರು ಭಾರತದ ಕಾನೂನಿನಲ್ಲಿ ಎರಡು ದೇಶಗಳ ಪೌರತ್ವಕ್ಕೆ ಎಡೆಯಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಬೇಕು. ಹವಾಲಾದ ದಾರಿ ಅಪರಾಧ. ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯನ್ನಾಗಿ ಬದಲಾಯಿಸಬೇಕು.

ಅನ್ಯದೇಶದ ಕಾನೂನು ಅನ್ಯದೇಶದ ಅನುಕೂಲಕ್ಕಾಗಿ ಇರುವುದೆಂಬುದನ್ನು ಓದಿದವರೂ ಮರೆಯುತ್ತಾರೆ. ಇಂಗ್ಲೆಂಡ್ ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದವರನ್ನು ಬರಮಾಡಿಕೊಳ್ಳುತ್ತಿತ್ತು. 2025ರ ಜುಲೈ 22ರಿಂದ ಹೊರಗಿನ ಹೊಸಬರಿಗೆ ಆ ದಾರಿಯನ್ನು ಮುಚ್ಚಿತು. ಕೆನಡಾ 2024ರ ಜನವರಿಯಿಂದ, ವಿದ್ಯಾರ್ಥಿಯು ತೋರಿಸಬೇಕಾದ ಜೀವನವೆಚ್ಚದ ಹಣವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಅಮೆರಿಕಾ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕವನ್ನು ಘೋಷಿಸಿತು. ಆದುದರಿಂದ ಕಳೆದ ವರ್ಷ ಹೋದ ನೆಂಟನ ಅನುಭವ ಈ ವರ್ಷದ ದಾರಿದೀಪವಾಗಲಾರದು. ಅರ್ಜಿ ಹಾಕುವ ದಿನ ನಿಯಮ ಏನಿದೆಯೆಂಬುದನ್ನು ಆ ದೇಶದ ಸರ್ಕಾರದ ಪ್ರಕಟಣೆಯಲ್ಲಿಯೇ ನೋಡಬೇಕು. ಒಂದು ದಾರಿ ಮುಚ್ಚಿದರೆ ಬಾಳೇ ಮುಚ್ಚಿತೆನ್ನದಂತೆ, ಊರಿನಲ್ಲಿಯೂ ನಡೆಯುವ ಕಸುಬೊಂದು ಕೈಯಲ್ಲಿರಬೇಕು.

ಅಲ್ಲಿಗೆ ಮುಟ್ಟಿದ ಮೇಲೆ ಪಾಲಿಸತಕ್ಕ ಕೆಲವು ಕಟ್ಟುನಿಟ್ಟುಗಳಿವೆ. ಪಾಸ್‌ಪೋರ್ಟ್ ತನ್ನ ಕೈಯಲ್ಲಿರಬೇಕು; ಅದರ ಪ್ರತಿಯೊಂದು ಊರಿನ ಮನೆಯಲ್ಲಿರಬೇಕು. ಸಂಬಳ ಬ್ಯಾಂಕಿನ ಮೂಲಕ ಬರಬೇಕು. ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. ವಸತಿ ಹೇಗಿದೆಯೆಂದು ಮೊದಲೇ ವಿಚಾರಿಸಬೇಕು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ಮಡಿದರು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. ಇಂತಹ ಆಪತ್ತಿಗಾಗಿಯೇ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಮೇಲೆ, ಅಪಘಾತದ ಮರಣಕ್ಕೂ ಶಾಶ್ವತ ಅಂಗವೈಕಲ್ಯಕ್ಕೂ ಹತ್ತು ಲಕ್ಷ ರೂಪಾಯಿ ದೊರೆಯುತ್ತದೆ. ತಪಾಸಣೆಯ ವರ್ಗದವರಿಗೆ ಇದು ಕಡ್ಡಾಯ. ಪ್ರವಾಸಿ ವೀಸಾದ ಮೇಲೆ ಕದ್ದು ಹೋದವನ ಮನೆಯವರು ಈ ಆಸರೆಯನ್ನೂ ಕಳೆದುಕೊಳ್ಳುತ್ತಾರೆ.

ಊರಿನಲ್ಲಿ ಉಳಿಯುವವರ ವ್ಯವಸ್ಥೆಯೂ ಪ್ರಯಾಣದ ಸಿದ್ಧತೆಯ ಭಾಗವೇ. ಹೆಂಡತಿಯ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆಯಿರಬೇಕು. ಕಳುಹಿಸಿದ ಹಣವೆಲ್ಲ ಅಣ್ಣನ ಕೈ ಸೇರಿ, ಅವಳು ಮಗುವಿನ ಪುಸ್ತಕಕ್ಕೂ ಕೈಚಾಚುವಂತಾಗಬಾರದು. ಅಧಿಕಾರಪತ್ರ ಬರೆದುಕೊಡಬೇಕಾದರೆ ಯಾವ ಕೆಲಸಕ್ಕೆಂದು ಸ್ಪಷ್ಟವಾಗಿ ಬರೆದುಕೊಡಬೇಕು. ವೃದ್ಧರಾದ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂಬುದು ಹೊರಡುವ ಮುನ್ನ ಹೆಸರು ಹಿಡಿದು ನಿಶ್ಚಯವಾಗಬೇಕು. ಹಣ ಕಳುಹಿಸಿದರೆ ಎಲ್ಲವೂ ನಡೆಯುತ್ತದೆಂಬುದು ಭ್ರಮೆ. ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದ ತಂದೆಗೆ ಡಾಲರು ನೆರವಾಗುವುದಿಲ್ಲ. ಪಕ್ಕದ ಮನೆಯ ಹುಡುಗ ನೆರವಾಗುತ್ತಾನೆ. ಆ ಹುಡುಗನೊಡನೆ, ಅವನ ಮನೆಯವರೊಡನೆ ಸಂಬಂಧವನ್ನು ಚೆನ್ನಾಗಿಟ್ಟುಕೊಂಡು ಹೊರಡುವುದು ವಿವೇಕ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕಾದಲ್ಲಿ ಗೊರೂರು' 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಅಂತಹ ಪ್ರವಾಸಕಥನಗಳನ್ನು ಓದುವುದರಿಂದ ಮನಸ್ಸು ವಿಶಾಲವಾಗುತ್ತದೆ. ಆದರೆ ಅತಿಥಿ ಕಂಡ ದೇಶ ಬೇರೆ. ಆಳು ಕಂಡ ದೇಶ ಬೇರೆ. ಎತ್ತರದ ಕಟ್ಟಡದ ಮುಂದೆ ನಿಂತ ಭಾವಚಿತ್ರವನ್ನು ಕಳುಹಿಸುವವನು, ಆ ಕಟ್ಟಡಕ್ಕೆ ಉರಿಬಿಸಿಲಿನಲ್ಲಿ ಕಬ್ಬಿಣ ಹೊತ್ತ ಚಿತ್ರವನ್ನು ಕಳುಹಿಸುವುದಿಲ್ಲ. ಅವನು ಸುಳ್ಳುಗಾರನಲ್ಲ, ಮನೆಯವರು ನೊಂದಾರೆಂದು ಮುಚ್ಚಿಡುತ್ತಾನೆ. ಅದನ್ನು ನೋಡಿ ಮತ್ತೊಬ್ಬನು ಸಾಲ ಮಾಡಿ ಹೊರಡುತ್ತಾನೆ.

ಇಲ್ಲಿ ಸಮಾಜವೂ ತನ್ನನ್ನು ಪ್ರಶ್ನಿಸಿಕೊಳ್ಳಬೇಕಾಗಿದೆ. ಗೌರಿಬಿದನೂರಿನಲ್ಲಿ ಗಾರೆ ಹೊರಲು ನಾಚುವ ತರುಣನು ದುಬೈಯಲ್ಲಿ ಅದನ್ನೇ ಹೊರುತ್ತಾನೆ, ಅಲ್ಲಿ ನೋಡುವವರಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಶರಣರ ನಾಡಿನಲ್ಲಿ, ಕೈಕೆಲಸಕ್ಕೆ ಮರ್ಯಾದೆ ಬೇಕಾದರೆ ಸಮುದ್ರ ದಾಟಬೇಕೆಂಬ ಸ್ಥಿತಿ ಬಂದಿರುವುದು ಶೋಚನೀಯ. ಬಸವಣ್ಣನವರ ಪ್ರತಿಮೆ 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಅನಾವರಣಗೊಂಡುದು ಅಭಿಮಾನದ ಸಂಗತಿ. ಊರಿನ ಬೆಸುಗೆಗಾರನಿಗೂ ದಾದಿಗೂ ಮದುವೆಯ ಮಾತಿನಲ್ಲಿ ಗುಮಾಸ್ತನಷ್ಟೇ ಗೌರವ ಸಿಕ್ಕುವ ದಿನ ಆ ಅಭಿಮಾನಕ್ಕೆ ಅರ್ಥ ಬಂದೀತು.

ಸೋತು ಬಂದವನನ್ನು ಊರು ಕಾಣುವ ಬಗೆ ಇದಕ್ಕಿಂತ ಮುಖ್ಯ. ಸಂಬಳ ಸಿಕ್ಕದೆ, ಆರೋಗ್ಯ ಕೆಟ್ಟು, ಅಥವಾ ಮೋಸಹೋಗಿ ಆರು ತಿಂಗಳಿಗೇ ತಿರುಗಿ ಬಂದವನನ್ನು 'ಏನಪ್ಪಾ, ಇಷ್ಟು ಬೇಗ ಬಂದೆಯಲ್ಲ' ಎಂದು ಕೇಳುವ ಮಾತು ಚಿಕ್ಕದು. ಆದರೆ ಆ ಒಂದು ಮಾತಿಗೆ ಹೆದರಿ ಎಷ್ಟೋ ಜನ ಕೆಟ್ಟ ಯಜಮಾನನ ಕೈಕೆಳಗೆ ವರ್ಷಗಟ್ಟಲೆ ಉಳಿಯುತ್ತಾರೆ. ರಾಯಭಾರಿ ಕಚೇರಿಗೆ ದೂರು ಕೊಡಬಹುದಾದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಗನನ್ನು ಬೀಳ್ಕೊಡುವಾಗ ತಂದೆ ಹೇಳತಕ್ಕ ಒಳ್ಳೆಯ ಮಾತೆಂದರೆ, 'ಸರಿಹೋಗದಿದ್ದರೆ ಬಂದುಬಿಡು, ಮನೆ ಇದೆ' ಎಂಬುದು. ಏಜೆಂಟನ ಯಾವ ಭರವಸೆಗಿಂತಲೂ ಇದು ದೊಡ್ಡ ರಕ್ಷಣೆ. ಈ ಮಾತನ್ನು ಹೇಳಬೇಕಾದರೆ ಮನೆಯೂ ಹೊಲವೂ ಒತ್ತೆಗೆ ಹೋಗಿರಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಈ ಕಾರ್ಯದಲ್ಲಿ ಗ್ರಾಮದ ಶಾಲೆಗಳೂ ಮಠಗಳ ವಿದ್ಯಾಸಂಸ್ಥೆಗಳೂ ವೆಚ್ಚವಿಲ್ಲದೆ ಮಾಡಬಹುದಾದುದು ಮೂರು. ಮೊದಲನೆಯದು, ಊರಿನಿಂದ ಹೊರದೇಶಕ್ಕೆ ಹೋದವರ ಹೆಸರು, ಹೋದ ದಿನ, ಕಳುಹಿಸಿದ ಏಜೆಂಟನ ಪರವಾನಗಿ ಸಂಖ್ಯೆ, ಅಲ್ಲಿಯ ವಿಳಾಸ ಇವುಗಳನ್ನು ಅವರವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದು, ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡುವುದು. ಆಪತ್ತಿನ ದಿನ ಜಿಲ್ಲಾಧಿಕಾರಿಗಳ ಕಚೇರಿಗೆ ಓಡುವ ತಂದೆಯ ಬಳಿ ಮಗನ ವಿಳಾಸವೇ ಇರುವುದಿಲ್ಲ. ಎರಡನೆಯದು, ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆರಡು ದಿನ ಪಾಸ್‌ಪೋರ್ಟ್, ವೀಸಾ, ಕರಾರು, ಬಡ್ಡಿಯ ಲೆಕ್ಕ ಇವುಗಳ ಪಾಠ. ಮೂರನೆಯದು, ಹೊರದೇಶದಿಂದ ಹಿಂತಿರುಗಿದವರನ್ನು, ಗೆದ್ದವರನ್ನಷ್ಟೇ ಅಲ್ಲದೆ ಸೋತವರನ್ನೂ ಕರೆಸಿ, ಮಕ್ಕಳ ಮುಂದೆ ಮಾತನಾಡಿಸುವುದು. ಗೆದ್ದವನಿಂದ ಆಸೆ ಹುಟ್ಟುತ್ತದೆ. ಸೋತವನಿಂದ ಎಚ್ಚರ ಹುಟ್ಟುತ್ತದೆ. ಎರಡೂ ಇದ್ದವನೇ ಹೊರಡಲು ಅರ್ಹ.

ಕುಂಟೆಯೆಂದರೆ ಸಣ್ಣ ಕೆರೆ. ಬಂದ ನೀರೆಲ್ಲ ಅದರಲ್ಲಿ ನಿಲ್ಲುವುದಿಲ್ಲ, ಕೋಡಿ ಹರಿದು ಮುಂದಿನ ಊರಿಗೆ ಹೋಗುತ್ತದೆ. ಅದನ್ನು ಯಾರೂ ನಷ್ಟವೆನ್ನುವುದಿಲ್ಲ. ಕಟ್ಟೆ ಒಡೆದು ಹೋದರೆ ಮಾತ್ರ ನಷ್ಟ. ಮಕ್ಕಳು ವಿದ್ಯೆ ಕಲಿತು, ಕಾಗದಪತ್ರ ಸರಿಮಾಡಿಕೊಂಡು, ಸಾಲವಿಲ್ಲದೆ, ಮನೆಯವರ ಮನಸ್ಸು ನೋಯಿಸದೆ ಹೊರಟರೆ ಅವರು ಎಲ್ಲಿದ್ದರೂ ಊರಿನವರೇ. ಹಾಗೆ ಹೊರಡುವಂತೆ ಅವರನ್ನು ಸಿದ್ಧಪಡಿಸುವುದು ಹೆತ್ತವರ, ಶಾಲೆಯ, ಸಮಾಜದ ಕರ್ತವ್ಯ.